ಅಲ್ಲೂ ಸಲ್ಲದ, ಇಲ್ಲೂ ಸಲ್ಲದ ಬಿಷಪ್

ಪ್ರೊಟೆಸ್ಟೆಂಟ್ ಸುಧಾರಣೆಯ ಕಥೆ ಶಾಲೆಯ ಪುಸ್ತಕದಲ್ಲಿ ಎರಡು ಸಾಲಿಗೆ ಮುಗಿದುಹೋಗುತ್ತದೆ. ಚರ್ಚ್ ಕೆಟ್ಟಿತ್ತು. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಅದನ್ನು ಪ್ರಶ್ನಿಸಿದ, ಯುರೋಪು ಎರಡು ಹೋಳಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಎರಡು ಸಾಲಿನಲ್ಲಿ ಜಾಗ ಸಿಗದೇ ಹೋದ ಒಂದಷ್ಟು ಜನ ಇದ್ದಾರೆ. ಚರ್ಚ್ ಕೆಟ್ಟಿದೆ ಅನ್ನುವುದು ಅವರಿಗೆ ಲೂಥರ್‌ಗಿಂತ ಮೊದಲೇ ಗೊತ್ತಿತ್ತು. ಅದನ್ನು ಸರಿಮಾಡಲು ಅವರು ಹೊರಗೆ ಹೋಗಲಿಲ್ಲ. ಬಿಷಪ್ ಕುರ್ಚಿಯಲ್ಲಿ ಕೂತೇ ಕೆಲಸ ಶುರು ಮಾಡಿದರು.

ಸ್ಪೇನಿನಲ್ಲಿ ಟೊಲೆಡೊದ ಆರ್ಚ್‌ಬಿಷಪ್ ಸಿಸ್ನೆರೋಸ್ ಇಂಥವನು. ಅಲ್ಕಾಲಾದಲ್ಲಿ ವಿಶ್ವವಿದ್ಯಾಲಯ ಕಟ್ಟಿಸಿದ, ಹೀಬ್ರೂ, ಗ್ರೀಕ್, ಲ್ಯಾಟಿನ್ ಪಾಠಗಳನ್ನು ಒಟ್ಟಿಗಿಟ್ಟು ಬೈಬಲ್ ಅಚ್ಚು ಹಾಕಿಸಿದ. ಇಂಗ್ಲೆಂಡಿನಲ್ಲಿ ರಾಚೆಸ್ಟರ್‌ನ ಬಿಷಪ್ ಜಾನ್ ಫಿಶರ್ ಇದ್ದ. ಇವರಿಬ್ಬರ ಹೆಸರು ಹೇಗೋ ಉಳಿದುಕೊಂಡಿದೆ. ನಾನು ಹೇಳಹೊರಟಿರುವುದು ಫ್ರಾನ್ಸಿನ ಗೀಯೋಮ್ ಬ್ರಿಸೊನೆಯ ಬಗ್ಗೆ. ಈತನನ್ನು ಪ್ರೊಟೆಸ್ಟೆಂಟರು ಹೇಡಿ ಅಂದರು, ಕಟ್ಟಾ ಕ್ಯಾಥೊಲಿಕರು ಮನೆಗೆ ಬೆಂಕಿ ಇಟ್ಟವನು ಅಂದರು. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ಆತ ಪಕ್ಷ ಬದಲಾಯಿಸಲೇ ಇಲ್ಲ. ಆತ ನಿಂತಿದ್ದ ಜಾಗವೇ ಏಳೆಂಟು ವರ್ಷದಲ್ಲಿ ಇಲ್ಲವಾಯಿತು. ಅದು ಹೇಗಾಯಿತು ಅಂತ ತಿಳಿಯಬೇಕಾದರೆ ಮೊದಲು ಕಾಯಿಲೆ ಏನಿತ್ತು ನೋಡೋಣ.

ಹುದ್ದೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ

ಆಗಿನ ಚರ್ಚಿನ ದೋಷ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಪಾಪವಿಮೋಚನಾ ಪತ್ರಗಳ, ಅಂದರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅನ್ನುವ ಚರ್ಚಿನ ಪತ್ರಗಳ, ಮಾರಾಟ. ಅದು ಕಣ್ಣಿಗೆ ಕಾಣುವ ದೋಷ. ಅದಕ್ಕಿಂತ ಆಳದ್ದು ಹುದ್ದೆ ಮತ್ತು ಆದಾಯದ ವ್ಯವಹಾರ.

ಪ್ರತಿಯೊಂದು ಚರ್ಚ್ ಹುದ್ದೆಗೂ ಒಂದು ಆದಾಯ ಅಂಟಿಕೊಂಡಿತ್ತು. ಊರಿನ ಧರ್ಮಗುರುವಿಗೆ ಜಮೀನಿನ ಗೇಣಿ, ಜನರ ಬೆಳೆಯಲ್ಲಿ ಹತ್ತನೇ ಒಂದು ಭಾಗ. ಬಿಷಪ್‌ಗೆ ಇಡೀ ಧರ್ಮಪ್ರಾಂತ್ಯದ, ಅಂದರೆ ಆತನ ಆಡಳಿತಕ್ಕೆ ಸೇರಿದ ಪ್ರದೇಶದ, ಆಸ್ತಿಯಿಂದ ಬರುವ ಹಣ. ಮಠಾಧಿಪತಿಗೆ ಮಠದ ಹಣ. ಈ ಆದಾಯ ಸೇರುತ್ತಿದ್ದುದು ಹುದ್ದೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಅಲ್ಲಿ ಹೋಗಿ ಕೆಲಸ ಮಾಡುವವರು ಬೇರೆ ಇದ್ದರೂ ಆದೀತು. ಹೀಗಾಗಿ ಒಬ್ಬನೇ ನಾಲ್ಕಾರು ಹುದ್ದೆ ಹಿಡಿದುಕೊಂಡು ಅರಮನೆಯಲ್ಲೋ ರೋಮ್‌ನಲ್ಲೋ ಇರಬಹುದಿತ್ತು. ಊರಿನ ಚರ್ಚಿಗೆ ಕಡಿಮೆ ಸಂಬಳಕ್ಕೆ ಒಬ್ಬ ಬದಲಿ ಪಾದ್ರಿಯನ್ನು ಇಟ್ಟರೆ ಮುಗಿಯಿತು. ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯ ಲ್ಯಾಟಿನ್ ಮಾತುಗಳನ್ನು ಒಪ್ಪಿಸಲು ಬಂದರೆ ಅವನಿಗೆ ಸಾಕಿತ್ತು. ಅದರ ಅರ್ಥ ಗೊತ್ತಿದೆಯೋ ಇಲ್ಲವೋ ಕೇಳುವವರಿರಲಿಲ್ಲ. ಜನರಿಗೆ ಅವರ ಮಾತಿನಲ್ಲಿ ಪ್ರಬೋಧನೆ ಮಾಡುವುದಂತೂ ದೂರದ ಮಾತು. ಪಾದ್ರಿಗಳಿಗೆ ಅಂತಲೇ ತರಬೇತಿ ಕೊಡುವ ಗುರುಮಠಗಳು ಆಗ ಇರಲಿಲ್ಲ ಅನ್ನುವುದನ್ನೂ ಇಲ್ಲಿ ನೆನಪಿಡಬೇಕು.

ಹುದ್ದೆ ಹಂಚುವವರು ಯಾರು? 1516ರಲ್ಲಿ ಪೋಪ್ ಹತ್ತನೇ ಲಿಯೋ ಮತ್ತು ಫ್ರಾನ್ಸಿನ ರಾಜ ಮೊದಲನೇ ಫ್ರಾನ್ಸಿಸ್ ಬೊಲೋನ್ಯಾ ಒಪ್ಪಂದ ಮಾಡಿಕೊಂಡರು. ಅದರ ಪ್ರಕಾರ ಬಿಷಪ್‌ಗಳ ಹೆಸರು ಸೂಚಿಸುವ ಹಕ್ಕು ರಾಜನಿಗೆ ಬಂತು. ಅಂದರೆ ಬಿಷಪ್ ಪದವಿ ರಾಜಸೇವೆಗೆ ಕೊಡುವ ಬಹುಮಾನವೂ ಆಯಿತು. ರಾಯಭಾರಕ್ಕೆ ಹೋಗಿ ಬಂದವನಿಗೆ ಒಂದು ಧರ್ಮಪ್ರಾಂತ್ಯ, ಮಂತ್ರಿಯ ಮಗನಿಗೆ ಇನ್ನೊಂದು.

ಬ್ರಿಸೊನೆಯ ತಲೆ ಕೆಡಿಸಿದ್ದು ಇದೇ. ತಮಾಷೆ ಏನೆಂದರೆ, ಈ ವ್ಯವಸ್ಥೆಯಿಂದ ಆತನ ಮನೆಯವರಷ್ಟು ಲಾಭ ಮಾಡಿಕೊಂಡವರು ಫ್ರಾನ್ಸಿನಲ್ಲಿ ಹೆಚ್ಚು ಜನ ಇರಲಿಕ್ಕಿಲ್ಲ.

ಮಂತ್ರಿಯ ಮಗ

ಅಪ್ಪನ ಹೆಸರೂ ಗೀಯೋಮ್ ಬ್ರಿಸೊನೆಯೇ. ಎಂಟನೇ ಚಾರ್ಲ್ಸ್ ರಾಜನ ಖಜಾನೆ ನೋಡಿಕೊಳ್ಳುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಚರ್ಚಿಗೆ ಸೇರಿದ, ಬಿಷಪ್ ಆದ. ರಾಜನ ಜೊತೆ ಇಟಲಿಯ ದಂಡಯಾತ್ರೆಗೆ ಹೋಗಿ 1495ರಲ್ಲಿ ಕಾರ್ಡಿನಲ್ ಟೋಪಿಯನ್ನೂ ಪಡೆದ. ಮುಂದೆ, ಆಮೇಲೆ ಬಂದ ರಾಜನ ಪರ ನಿಂತು ಪೋಪ್ ಎರಡನೇ ಜೂಲಿಯಸ್‌ನನ್ನು ಎದುರು ಹಾಕಿಕೊಂಡ. ಪೋಪ್ ಆ ಟೋಪಿ ಕಿತ್ತುಕೊಂಡ. ಮುಂದಿನ ಪೋಪ್ ವಾಪಸ್ ಕೊಟ್ಟ. ಆ ಕಾಲದ ದೊಡ್ಡ ಮನೆಗಳಿಗೆ ಧರ್ಮ, ರಾಜಕೀಯ, ಹಣ ಬೇರೆ ಬೇರೆ ಇರಲೇ ಇಲ್ಲ. ಎಲ್ಲವೂ ಒಂದೇ ಜಗಲಿಯ ಮೇಲೆ ನಡೆಯುತ್ತಿದ್ದವು.

ಮಗ ಹುಟ್ಟಿದ್ದು 1470ರ ಸುಮಾರಿಗೆ. ಹತ್ತೊಂಬತ್ತರ ಆಸುಪಾಸಿನಲ್ಲೇ, 1489ರಲ್ಲಿ, ದಕ್ಷಿಣ ಫ್ರಾನ್ಸಿನ ಲೊದೇವ್‌ನ ಬಿಷಪ್ ಪದವಿ ಆತನ ಹೆಸರಿಗೆ ಬಂತು. 1507ರಲ್ಲಿ ಪ್ಯಾರಿಸ್‌ನ ಸಿರಿವಂತ ಮಠ ಸಾಂ ಜೆರ್ಮಾಂ ದೆ ಪ್ರೆಯನ್ನು ಅಪ್ಪ ಮಗನಿಗೆ ಬಿಟ್ಟುಕೊಟ್ಟ. ತಮ್ಮ ದೆನಿಯೂ ಬಿಷಪ್. ಲೆಕ್ಕ ಹಾಕಿದರೆ ಯಾವ ದೋಷದ ವಿರುದ್ಧ ಆತ ಮುಂದೆ ಗುಡುಗಿದನೋ ಆ ದೋಷದ ತುಂಬ ಒಳ್ಳೆಯ ಉದಾಹರಣೆ ಆತನೇ.

ಹಾಗಂತ ಸುಮ್ನೆ ಆದಾಯ ತಿಂದುಕೊಂಡು ಕೂರಲಿಲ್ಲ. ಮಠದಲ್ಲಿ ಶಿಸ್ತು ಸಡಿಲವಾಗಿತ್ತು. ಹೊರಗಿನಿಂದ ಕಟ್ಟುನಿಟ್ಟಿನ ಬೆನೆಡಿಕ್ಟಿನ್ ಸಂನ್ಯಾಸಿಗಳನ್ನು ಕರೆಸಿ ಅದನ್ನು ಬಿಗಿ ಮಾಡಿದ. ಆ ಮಠದಲ್ಲೇ ಒಬ್ಬ ವಯಸ್ಸಾದ ವಿದ್ವಾಂಸನಿಗೆ ಕೋಣೆ, ಊಟ, ಪುಸ್ತಕ ಕೊಟ್ಟು ಇರಿಸಿಕೊಂಡ. ಜಾಕ್ ಲೆಫೆವ್ರ್ ಅಂತ. ಗಿಡ್ಡ ಆಳು, ಮೆದು ಮಾತು. ಜೀವನವಿಡೀ ಅರಿಸ್ಟಾಟಲ್ ಪಾಠ ಮಾಡಿ ಐವತ್ತು ದಾಟಿದ ಮೇಲೆ ಬೈಬಲ್ ಕಡೆ ತಿರುಗಿದವನು. 1509ರಲ್ಲಿ ಬೈಬಲ್‌ನ ಕೀರ್ತನೆಗಳ ಐದು ಲ್ಯಾಟಿನ್ ಪಾಠಗಳನ್ನು ಅಕ್ಕಪಕ್ಕ ಇಟ್ಟು ಪ್ರಕಟಿಸಿದ. 1512ರಲ್ಲಿ ಸಂತ ಪೌಲನ ಪತ್ರಗಳಿಗೆ ವ್ಯಾಖ್ಯಾನ ಬರೆದು ಬ್ರಿಸೊನೆಗೆ ಅರ್ಪಿಸಿದ. ಮನುಷ್ಯ ತನ್ನ ಪುಣ್ಯದ ಲೆಕ್ಕದಿಂದ ಉದ್ಧಾರವಾಗುವುದಿಲ್ಲ, ದೇವರ ಕೃಪೆಯಿಂದ ಆಗುತ್ತಾನೆ ಅನ್ನುವ ಒತ್ತು ಅದರಲ್ಲಿ ಎದ್ದು ಕಾಣುತ್ತದೆ. ಲೂಥರ್‌ನ ಹೆಸರನ್ನು ಯಾರೂ ಕೇಳಿರದ ಕಾಲ ಅದು. ಲೂಥರ್ ತನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಲೆಫೆವ್ರ್‌ನ ಈ ಪುಸ್ತಕಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ.

ಮೋ ಎಂಬ ಊರು

ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಮಾರ್ನ್ ನದಿಯ ದಂಡೆಯಲ್ಲಿ ಮೋ ಊರಿದೆ. ಇವತ್ತು ಜನಕ್ಕೆ ಅದು ಗೊತ್ತಿರುವುದು ಬ್ರೀ ಚೀಸ್‌ನಿಂದ. ಆಗ ಅದು ಉಣ್ಣೆಯ ಊರು. ಉಣ್ಣೆ ಹಿಂಜುವವರು, ನೇಯುವವರು, ಬಟ್ಟೆ ಒಗೆದು ಹದ ಮಾಡುವವರು ಜಾಸ್ತಿ. ಕೈಗೆ ಕೆಲಸ ಕೊಟ್ಟು ಬಾಯಿಗೆ ಬಿಡುವು ಕೊಡುವ ಕಸುಬು ಇದು. ಒಬ್ಬ ಓದಿದರೆ ನಾಲ್ಕು ಜನ ಕೆಲಸ ಮಾಡುತ್ತಲೇ ಕೇಳಬಹುದು. ಇದನ್ನು ಮನಸ್ಸಿನಲ್ಲಿಡಿ.

1515ರ ಕೊನೆಯಲ್ಲಿ ಬ್ರಿಸೊನೆ ಇಲ್ಲಿನ ಬಿಷಪ್ ಆಗಿ ನೇಮಕವಾದ. ಕೂಡಲೇ ಬರಲಿಲ್ಲ. ರಾಜನ ರಾಯಭಾರಿಯಾಗಿ ರೋಮ್‌ಗೆ ಹೋಗಬೇಕಾಯಿತು. ಅಲ್ಲಿ ಐದನೇ ಲ್ಯಾಟರನ್ ಮಹಾಸಭೆ ನಡೆಯುತ್ತಿತ್ತು. ಚರ್ಚಿನ ಸುಧಾರಣೆಗೆ ಅಂತಲೇ ಕರೆದ ಸಭೆ. ಒಳ್ಳೆಯ ಮಾತು ಬೇಕಾದಷ್ಟು ಬಂತು, ಜಾರಿಗೆ ಬಂದಿದ್ದು ಕಡಿಮೆ. 1517ರ ಮಾರ್ಚ್‌ನಲ್ಲಿ ಸಭೆ ಮುಗಿಯಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಲೂಥರ್‌ನ 95 ವಾದಗಳು ಹೊರಬಂದವು.

ವಾಪಸ್ ಬಂದ ಬ್ರಿಸೊನೆ ಒಂದು ವಿಚಿತ್ರ ಕೆಲಸ ಮಾಡಿದ. ತನ್ನ ಧರ್ಮಪ್ರಾಂತ್ಯಕ್ಕೆ ಹೋಗಿ ಅಲ್ಲೇ ಉಳಿದ! ಆ ಕಾಲದ ಬಿಷಪ್‌ಗೆ ಇದು ನಿಜವಾಗಿಯೂ ವಿಚಿತ್ರವೇ. ಊರೂರು ಸುತ್ತಿ ಚರ್ಚುಗಳನ್ನು ನೋಡಿದ. ಧರ್ಮಗುರುಗಳು ಊರಲ್ಲೇ ಇಲ್ಲ. ಇರುವ ಬದಲಿಗಳಿಗೆ ಬೋಧಿಸಲು ಬರುವುದಿಲ್ಲ. ಹಾಗಾದರೆ ಜನ ದೇವರ ಮಾತು ಕೇಳುವುದು ಯಾರಿಂದ? ಮೋ ಪಟ್ಟಣದಲ್ಲಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳಿಂದ. ಅವರು ಬಂದು ಪ್ರಬೋಧನೆ ಮಾಡುತ್ತಿದ್ದರು, ಕಾಣಿಕೆ ಎತ್ತಿಕೊಂಡು ಹೋಗುತ್ತಿದ್ದರು. ಕಾಣಿಕೆ ಜಾಸ್ತಿ ಬರುವ ಊರಿಗೆ ಹೋದಷ್ಟು ಸಲೀಸಾಗಿ ಬಡ ಹಳ್ಳಿಗೆ ಹೋಗುತ್ತಿರಲಿಲ್ಲ ಅನ್ನುವುದು ಬಿಷಪ್‌ನ ದೂರು.

ಆತ ಮಾಡಿದ ಉಪಾಯ ಆಡಳಿತಗಾರನ ಉಪಾಯ. 1518ರಲ್ಲಿ ಇಡೀ ಧರ್ಮಪ್ರಾಂತ್ಯವನ್ನು 32 ಕೇಂದ್ರಗಳಾಗಿ ಹಂಚಿದ. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ ಮತ್ತು ಕ್ರಿಸ್‌ಮಸ್‌ಗೆ ಮೊದಲಿನ ಆಗಮನಕಾಲದಲ್ಲಿ ಪ್ರತಿ ಕೇಂದ್ರಕ್ಕೂ ಒಬ್ಬ ಬೋಧಕ. ಅವನನ್ನು ಆರಿಸುವವನು ಬಿಷಪ್. ಧರ್ಮಗುರುಗಳ ಸಭೆ ಕರೆದು, ಊರಲ್ಲಿ ಇರಿ, ಜನರಿಗೆ ಕಲಿಸಿ ಎಂದು ಕಟುವಾಗಿಯೇ ಹೇಳಿದ. ಇಷ್ಟರಲ್ಲಿ ಎಲ್ಲೂ ಧರ್ಮದ್ರೋಹ ಇಲ್ಲ, ಹೊಸ ತತ್ವವೂ ಇಲ್ಲ. ಹಳೇ ನಿಯಮವನ್ನು ಪಾಲಿಸಿ ಅನ್ನುವುದಷ್ಟೇ. ಆದರೂ ಶತ್ರುಗಳು ಹುಟ್ಟಿಕೊಂಡರು. ದೂರದಲ್ಲಿ ಕೂತು ಆದಾಯ ಪಡೆಯುತ್ತಿದ್ದವರಿಗೆ ಸಿಟ್ಟು ಬಂತು. ವೇದಿಕೆಯೂ ಕಾಣಿಕೆಯೂ ಕೈತಪ್ಪಿದ ಫ್ರಾನ್ಸಿಸ್ಕನ್ನರಿಗೆ ಇನ್ನೂ ಜಾಸ್ತಿ ಸಿಟ್ಟು ಬಂತು.

32 ಬೋಧಕರನ್ನು ಎಲ್ಲಿಂದ ತರುವುದು? ಇಲ್ಲಿಂದಲೇ ಕಥೆ ತಿರುಗುವುದು. ಬ್ರಿಸೊನೆಗೆ ಗೊತ್ತಿದ್ದ ಒಳ್ಳೆಯ ಬೋಧಕರೆಲ್ಲ ಲೆಫೆವ್ರ್‌ನ ಶಿಷ್ಯರು.

ಹೂಳೆತ್ತುವವನು

1521ರಲ್ಲಿ ಲೆಫೆವ್ರ್ ಮೋಗೆ ಬಂದ. ಮೊದಲು ಕುಷ್ಠರೋಗಿಗಳ ಆಸ್ಪತ್ರೆಯ ಮೇಲ್ವಿಚಾರಣೆ ಸಿಕ್ಕಿತು, 1523ರಲ್ಲಿ ಬಿಷಪ್‌ನ ಪ್ರತಿನಿಧಿಯ ಹುದ್ದೆಯೇ ಸಿಕ್ಕಿತು. ಅವನ ಹಿಂದೆ ಜೆರಾರ್ ರೂಸೆಲ್, ಮಿಶೆಲ್ ದಾರಾಂದ್, ಪಿಯೆರ್ ಕರೋಲಿ, ಮಾರ್ಸಿಯಾಲ್ ಮಜೂರಿಯೆ, ಹೀಬ್ರೂ ಬಲ್ಲ ಫ್ರಾನ್ಸ್ವಾ ವಾತಾಬ್ಲ್, ಕೆಂಪು ಗಡ್ಡದ ಬಿಸಿರಕ್ತದ ಗೀಯೋಮ್ ಫಾರೆಲ್ ಎಲ್ಲ ಬಂದರು. ಚರಿತ್ರೆಯಲ್ಲಿ ಇವರಿಗೆ ಮೋ ಬಳಗ ಅಂತಲೇ ಹೆಸರು.

ರಾಜನ ಅಕ್ಕ ಮಾರ್ಗರೀತ್ 1521ರಲ್ಲೇ ಬ್ರಿಸೊನೆಗೆ ಪತ್ರ ಬರೆಯಲು ಶುರುಮಾಡಿದಳು. ಗಂಡ ಸೈನ್ಯದ ಜೊತೆ ಹೊರಟಿದ್ದ, ಆಕೆಗೆ ಆಧ್ಯಾತ್ಮಿಕ ಆಸರೆ ಬೇಕಿತ್ತು. 1524ರವರೆಗೆ ನಡೆದ ಈ ಪತ್ರವ್ಯವಹಾರದಲ್ಲಿ 123 ಪತ್ರಗಳು ಉಳಿದಿವೆ. ಬ್ರಿಸೊನೆಯ ಪತ್ರಗಳು ಓದುವವರ ತಾಳ್ಮೆ ಪರೀಕ್ಷಿಸುತ್ತವೆ. ನೀರು, ಬೆಂಕಿ, ಬೆಳಕು, ಮರುಭೂಮಿ, ಒಂದರೊಳಗೊಂದು ಸುತ್ತಿಕೊಂಡು ಪುಟಗಟ್ಟಲೆ ಹರಿಯುತ್ತವೆ. ಆದರೆ ಆತ ಲೂಥರ್ ಅಲ್ಲ ಅನ್ನುವುದು ಸ್ಪಷ್ಟವಾಗುವುದೂ ಅವುಗಳಲ್ಲೇ.

ಬ್ರಿಸೊನೆಯ ಮನಸ್ಸಿನಲ್ಲಿದ್ದ ಚರ್ಚಿನ ಚಿತ್ರ ಹಳೆಯದು. ಡಯೊನೀಸಿಯಸ್ ಹೆಸರಿನಲ್ಲಿ ಬಂದ ಪ್ರಾಚೀನ ಗ್ರೀಕ್ ಬರಹಗಳಿಂದ ಬಂದದ್ದು. ದೇವರ ಬೆಳಕು ಮೇಲಿನಿಂದ ಕೆಳಗೆ ಇಳಿಯುತ್ತದೆ. ದೇವದೂತರಿಂದ ಬಿಷಪ್‌ಗೆ, ಬಿಷಪ್‌ನಿಂದ ಧರ್ಮಗುರುವಿಗೆ, ಅವನಿಂದ ಜನರಿಗೆ. ನಮ್ಮ ಕಡೆ ಕೆರೆ ಕಾಲುವೆ ಇದ್ದ ಹಾಗೆ ಅನ್ನಿ. ಕೆರೆ ತುಂಬಿದೆ, ಆದರೆ ತೂಬಿನಲ್ಲಿ ಹೂಳು. ಕೊನೆಯ ಗದ್ದೆ ಒಣಗಿದೆ. ಬ್ರಿಸೊನೆ ಹೇಳಿದ್ದು ತೂಬಿನ ಹೂಳೆತ್ತಿ, ಕಾಲುವೆ ಸರಿಮಾಡಿ ಅಂತ. ಲೂಥರ್ ಹೇಳಿದ್ದು ಕಾಲುವೆಯೇ ಬೇಡ, ಮಳೆ ಎಲ್ಲ ಗದ್ದೆಯ ಮೇಲೂ ನೇರ ಬೀಳುತ್ತದೆ ಅಂತ. ಇಬ್ಬರಿಗೂ ಒಣಗಿದ ಗದ್ದೆ ನೋಡಿ ಸಂಕಟವಾಗಿತ್ತು. ಆದರೆ ಒಬ್ಬನ ಮದ್ದಿನಲ್ಲಿ ಬಿಷಪ್ ಇಲ್ಲದೆ ಏನೂ ನಡೆಯದು. ಇನ್ನೊಬ್ಬನ ಮದ್ದಿನಲ್ಲಿ ಬಿಷಪ್ ಇಲ್ಲದಿದ್ದರೂ ನಡೆಯುತ್ತದೆ.

ಹೊರಗಿನಿಂದ ನೋಡುವವರಿಗೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. ಯಾಕೆಂದರೆ ಇಬ್ಬರೂ ಕೈ ಹಾಕಿದ್ದು ಒಂದೇ ವಸ್ತುವಿಗೆ. ಜನರ ಭಾಷೆಯ ಬೈಬಲ್‌ಗೆ.

1523ರಲ್ಲಿ ಲೆಫೆವ್ರ್‌ನ ಫ್ರೆಂಚ್ ಹೊಸ ಒಡಂಬಡಿಕೆ ಪ್ಯಾರಿಸ್‌ನ ಸಿಮೋನ್ ದೆ ಕೊಲೀನ್‌ನ ಅಚ್ಚುಕೂಟದಿಂದ ಭಾಗಭಾಗವಾಗಿ ಹೊರಬಂತು. ದೊಡ್ಡ ಪೀಠದ ಮೇಲಿಡುವ ಗ್ರಂಥ ಅಲ್ಲ. ಕೈಯಲ್ಲಿ ಹಿಡಿದು ಒಯ್ಯಬಹುದಾದ ಸಣ್ಣ ಪುಸ್ತಕ. ಕೊಳ್ಳಲಾಗದವರಿಗೆ ಬಿಷಪ್ ಪ್ರತಿಗಳನ್ನು ಹಂಚಿದ ಎಂದು ಹೇಳುತ್ತಾರೆ. ಮರುವರ್ಷ ಕೀರ್ತನೆಗಳೂ ಫ್ರೆಂಚ್‌ನಲ್ಲಿ ಬಂದವು. ಭಾನುವಾರ ಮತ್ತು ಹಬ್ಬದ ದಿನ ಹೊಸ ಒಡಂಬಡಿಕೆಯ ಶುಭಸಂದೇಶ, ಪ್ರೇಷಿತರ ಪತ್ರಗಳನ್ನು ಜನರ ಭಾಷೆಯಲ್ಲೇ ಓದಿ ಹೇಳುವ ರೂಢಿ ಮೋದಲ್ಲಿ ಬಂತು. ಇಡೀ ವರ್ಷದ 52 ವಾರಗಳಿಗೂ ಓದುವ ಭಾಗ, ಅದರ ಕೆಳಗೆ ಸಣ್ಣ ವಿವರಣೆ ಇರುವ ಪುಸ್ತಕವೂ ತಯಾರಾಯಿತು. ಬೋಧಿಸಲು ಬಾರದ ಪಾದ್ರಿಗೂ ಓದಲು ಬರುತ್ತದೆ ಅಲ್ವಾ? ಓದಿಬಿಟ್ಟರೆ ಸಾಕು, ಕೆಲಸ ಆಗುತ್ತದೆ. ತುಂಬ ಜಾಣ ಯೋಚನೆ. ಬ್ರಿಸೊನೆಯ ಇಡೀ ಯೋಜನೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ, ಯಾಕೆಂದರೆ ಇದು ಪಾದ್ರಿ ಹೇಗಿರಬೇಕಿತ್ತು ಅಂತ ಗೋಳಾಡದೆ, ಇರುವ ಪಾದ್ರಿಯನ್ನೇ ಇಟ್ಟುಕೊಂಡು ಮಾಡಿದ ಏರ್ಪಾಡು.

ಆದರೆ ಪುಸ್ತಕ ಪಾದ್ರಿಯ ಕೈಯಲ್ಲೇ ಉಳಿಯಲಿಲ್ಲ. ಉಣ್ಣೆ ಹಿಂಜುವವರ ಅಂಗಳಕ್ಕೆ ಹೋಯಿತು. ಅವರು ಓದಿದರು. ಅದರಲ್ಲಿ ಏನಿದೆ ಅಂತ ನೋಡಿದಂತೆ ಏನಿಲ್ಲ ಅಂತಲೂ ನೋಡಿದರು. ಸತ್ತವರ ಆತ್ಮ ಸ್ವರ್ಗಕ್ಕೆ ಹೋಗುವ ಮೊದಲು ಶುದ್ಧವಾಗುತ್ತದೆ ಅನ್ನುವ ಶುದ್ಧೀಕರಣಸ್ಥಳ ಎಲ್ಲಿದೆ? ಪಾಪವಿಮೋಚನಾ ಪತ್ರ ಎಲ್ಲಿದೆ? ಪೋಪ್ ಎಲ್ಲಿದ್ದಾನೆ? ಪ್ರಶ್ನೆ ಕೇಳಲು ಬಿಷಪ್‌ನ ಅಪ್ಪಣೆ ಅವರಿಗೆ ಬೇಕಿರಲಿಲ್ಲ.

ಎರಡೂ ಕಡೆಯಿಂದ

1521ರ ಜನವರಿಯಲ್ಲಿ ಪೋಪ್ ಲೂಥರ್‌ನನ್ನು ಬಹಿಷ್ಕರಿಸಿದ. ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಸೊರ್ಬಾನ್, ಅಂದರೆ ಅಲ್ಲಿನ ಧರ್ಮಶಾಸ್ತ್ರ ಪಂಡಿತರ ಪೀಠ, ಅವನ ನೂರಕ್ಕೂ ಹೆಚ್ಚು ಮಾತುಗಳನ್ನು ಖಂಡಿಸಿತು. ಪೀಠದ ಚುಕ್ಕಾಣಿ ಹಿಡಿದಿದ್ದವನು ನೊಎಲ್ ಬೆದಾ. ಲೆಫೆವ್ರ್ ಮೇಲೆ ಅವನಿಗೆ ಮೊದಲಿಂದಲೂ ಕಣ್ಣಿತ್ತು. ಮಗ್ದಲದ ಮರಿಯಳು ಅಂತ ಜನ ಪೂಜಿಸುವ ಸಂತಳಲ್ಲಿ ಬೈಬಲ್‌ನ ಮೂರು ಬೇರೆ ಬೇರೆ ಹೆಂಗಸರು ಸೇರಿಹೋಗಿದ್ದಾರೆ ಎಂದು ಲೆಫೆವ್ರ್ ಬರೆದಾಗಲೇ ಜಗಳ ಎದ್ದಿತ್ತು. ಬೆದಾನ ಲೆಕ್ಕ ಸರಳ: ಬೈಬಲ್‌ನ ಪಾಠವನ್ನು ತಿದ್ದುವವನು, ಜನರ ಭಾಷೆಗೆ ಇಳಿಸುವವನು, ಸಂತರ ಕಥೆಯನ್ನು ಪ್ರಶ್ನಿಸುವವನು, ಎಲ್ಲರೂ ಲೂಥರ್‌ನ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ. ಅವನ ಹಟ ನೋಡಿದರೆ ಬೇಸರವಾಗುತ್ತದೆ. ಆದರೆ ಮೋದಲ್ಲಿ ಆದದ್ದನ್ನು ನೋಡಿದರೆ ಅವನ ಭಯ ಪೂರ್ತಿ ಸುಳ್ಳೂ ಅಲ್ಲ.

ಬ್ರಿಸೊನೆ ತನ್ನ ಗಡಿಯನ್ನು ಸ್ಪಷ್ಟ ಮಾಡಲು ಹೊರಟ. 1523ರ ಅಕ್ಟೋಬರ್ 15ರಂದು ಧರ್ಮಗುರುಗಳ ಸಭೆಯಲ್ಲಿ ಎರಡು ಆಜ್ಞೆ ಹೊರಡಿಸಿದ. ಲೂಥರ್‌ನ ಪುಸ್ತಕ ಇಟ್ಟುಕೊಳ್ಳುವಂತಿಲ್ಲ, ಓದುವಂತಿಲ್ಲ ಅನ್ನುವುದು ಒಂದು. ಶುದ್ಧೀಕರಣಸ್ಥಳ ಇಲ್ಲ, ಸಂತರಿಗೆ ಪ್ರಾರ್ಥಿಸಬಾರದು ಎಂದು ಬೋಧಿಸುವವರ ವಿರುದ್ಧ ಇನ್ನೊಂದು. ವರ್ಷ ಮುಗಿಯುವ ಮೊದಲು ಕೆಲವು ಬೋಧಕರ ಅನುಮತಿಯನ್ನೂ ಹಿಂದಕ್ಕೆ ಪಡೆದ. ಫಾರೆಲ್ ಅದೇ ವರ್ಷ ಹೊರಟುಹೋದ.

ಇದನ್ನೇ ನೋಡಿ ಆಮೇಲಿನವರು ಬಿಷಪ್ ಹೆದರಿ ಮಾತು ಬದಲಿಸಿದ ಅಂದರು. ನಾನೇ ಮುಂದೆ ಬೇರೆ ಬೋಧಿಸಿದರೂ ನಂಬಬೇಡಿ ಎಂದು ಆತ ಮೊದಲೇ ಜನರಿಗೆ ಹೇಳಿದ್ದ ಅನ್ನುವ ಒಂದು ಕಥೆಯೂ ಹಬ್ಬಿತು. ಆದರೆ ದಿನಾಂಕಗಳನ್ನು ಜೋಡಿಸಿ ನೋಡಿ. ಲೂಥರ್ ವಿರುದ್ಧ ಆಜ್ಞೆ ಹೊರಟ ಮೇಲೆಯೇ ಮೋದಲ್ಲಿ ಫ್ರೆಂಚ್ ಓದು ಜೋರಾಗಿ ನಡೆದದ್ದು. ಕೀರ್ತನೆಗಳು ಬಂದದ್ದು 1524ರಲ್ಲಿ. ವಾರವಾರದ ಓದಿನ ಪುಸ್ತಕ 1525ರದ್ದು. ಲೆಫೆವ್ರ್ ಹುದ್ದೆ ಬಿಟ್ಟಿರಲಿಲ್ಲ. ಹೆದರಿ ಓಡುವವನು ಇಷ್ಟೆಲ್ಲ ಮಾಡಲು ಬಿಡುತ್ತಾನೆಯೇ? ಲೂಥರ್ ಬೇಡ, ಬೈಬಲ್ ಬೇಕು. ಆತ ಹೇಳುತ್ತಿದ್ದುದು ಇಷ್ಟೇ.

1524ರ ಕೊನೆಯಲ್ಲಿ ಪೋಪ್ ಏಳನೇ ಕ್ಲೆಮೆಂಟ್‌ನ ಪಾಪವಿಮೋಚನಾ ಆದೇಶವನ್ನು ಮೋ ಕೆಥೆಡ್ರಲ್‌ನ ಬಾಗಿಲಿಗೆ ಅಂಟಿಸಲಾಯಿತು. ಯಾರೋ ಅದನ್ನು ಹರಿದು ಹಾಕಿ, ಪೋಪ್ ಕ್ರಿಸ್ತವಿರೋಧಿ ಎಂದು ಬರೆದ ಕಾಗದ ಅಂಟಿಸಿದರು. ಬ್ರಿಸೊನೆಗೆ ಇದು ಮನೆಯೊಳಗಿನಿಂದಲೇ ಬಿದ್ದ ಪೆಟ್ಟು. ಈ ಗಲಾಟೆಯಲ್ಲಿ ಸಿಕ್ಕಿಬಿದ್ದವನು ಜಾನ್ ಲೆಕ್ಲೆರ್ ಎಂಬ ಉಣ್ಣೆ ಹಿಂಜುವವನು. 1525ರಲ್ಲಿ ಅವನನ್ನು ಬೀದಿಯಲ್ಲಿ ಚಾಟಿಯಿಂದ ಹೊಡೆದು, ಹಣೆಗೆ ಕಾದ ಕಬ್ಬಿಣದ ಬರೆ ಹಾಕಿದರು. ಬರೆ ಹಾಕುವಾಗ ಅವನ ತಾಯಿ, ಯೇಸುವಿಗೂ ಆತನ ಗುರುತುಗಳಿಗೂ ಜಯವಾಗಲಿ ಎಂದು ಕೂಗಿದಳು ಎಂದು ಪ್ರೊಟೆಸ್ಟೆಂಟರು ಬರೆದಿಟ್ಟಿದ್ದಾರೆ. ಊರು ಬಿಟ್ಟ ಲೆಕ್ಲೆರ್ ಮೆಟ್ಸ್ ಪಟ್ಟಣಕ್ಕೆ ಹೋದ. ಅಲ್ಲಿ ಯಾತ್ರಾಸ್ಥಳವೊಂದರ ವಿಗ್ರಹಗಳನ್ನು ಒಡೆದ. ಅದೇ ವರ್ಷ ಅವನನ್ನು ಅಲ್ಲಿ ಸುಟ್ಟು ಕೊಂದರು.

ಕೊಡೆ ಹಾರಿಹೋದಾಗ

ಇಷ್ಟು ದಿನ ಮೋ ಬಳಗವನ್ನು ಕಾಪಾಡಿದ್ದು ರಾಜಮನೆತನ. ಮಾರ್ಗರೀತ್ ಒಂದು ಮಾತು ಹೇಳಿದರೆ ತಮ್ಮ ಕೇಳುತ್ತಿದ್ದ. 1525ರ ಫೆಬ್ರುವರಿ 24ರಂದು ಇಟಲಿಯ ಪಾವಿಯಾದಲ್ಲಿ ಫ್ರಾನ್ಸಿಸ್ ಯುದ್ಧ ಸೋತು ಸೆರೆಯಾದ. ಅವನನ್ನು ಮ್ಯಾಡ್ರಿಡ್‌ಗೆ ಒಯ್ದರು. ರಾಜ್ಯಭಾರ ತಾಯಿ ಲೂಯಿಸ್ ಕೈಗೆ ಬಂತು. ಖಜಾನೆ ಖಾಲಿ, ಸೈನ್ಯ ಚೂರು, ರಾಜ ಸೆರೆಯಲ್ಲಿ. ಆಕೆಗೆ ಪೋಪ್‌ನ ಬೆಂಬಲವೂ ಬೇಕು, ಪ್ಯಾರಿಸ್‌ನ ಪಾರ್ಲೆಮಾದ ಬೆಂಬಲವೂ ಬೇಕು. ಪಾರ್ಲೆಮಾ ಅಂದರೆ ಸಂಸತ್ತಲ್ಲ, ರಾಜ್ಯದ ಅತಿ ದೊಡ್ಡ ನ್ಯಾಯಾಲಯ. ಅದಕ್ಕೆ ಬೊಲೋನ್ಯಾ ಒಪ್ಪಂದ ಮೊದಲಿನಿಂದಲೂ ಇಷ್ಟವಿರಲಿಲ್ಲ. ದೇವರು ಸೋಲು ಕೊಟ್ಟಿದ್ದೇ ಧರ್ಮದ್ರೋಹಿಗಳನ್ನು ಸಹಿಸಿದ್ದಕ್ಕೆ ಅನ್ನುವ ಮಾತೂ ಆಗ ಜನರ ಬಾಯಲ್ಲಿ ಓಡಾಡುತ್ತಿತ್ತು.

ಇಲ್ಲಿ ಒಂದು ಕಾನೂನಿನ ವಿಷಯ ಇದೆ. ಧರ್ಮದ್ರೋಹದ ವಿಚಾರಣೆ ಮಾಡುವ ಹಕ್ಕು ಆಯಾ ಬಿಷಪ್‌ನದು. ಮೋದಲ್ಲಿ ಯಾರು ಧರ್ಮದ್ರೋಹಿ ಅಂತ ಹೇಳಬೇಕಾದವನು ಬ್ರಿಸೊನೆ. ಈ ಒಂದು ನಿಯಮ ಅವನ ಬೋಧಕರಿಗೆ ಗುರಾಣಿಯಾಗಿತ್ತು. 1525ರಲ್ಲಿ ಪಾರ್ಲೆಮಾ ಮತ್ತು ಸೊರ್ಬಾನ್ ಸೇರಿ ಪೋಪ್‌ನ ಒಪ್ಪಿಗೆಯೊಂದಿಗೆ ವಿಶೇಷ ನ್ಯಾಯಾಧೀಶರನ್ನು ನೇಮಿಸಿದವು. ಇಬ್ಬರು ನ್ಯಾಯಾಲಯದವರು, ಇಬ್ಬರು ಧರ್ಮಪಂಡಿತರು. ಇವರು ಬಿಷಪ್‌ನನ್ನು ಕೇಳಬೇಕಾಗಿಲ್ಲ. ಅಂದರೆ ತನ್ನ ಧರ್ಮಪ್ರಾಂತ್ಯದಲ್ಲೇ ಬ್ರಿಸೊನೆಯ ಅಧಿಕಾರ ಹೋಯಿತು. ಬಿಷಪ್‌ನ ಅಧಿಕಾರದ ಮೂಲಕವೇ ಸುಧಾರಣೆ ಅಂದುಕೊಂಡಿದ್ದವನಿಗೆ ಇದಕ್ಕಿಂತ ದೊಡ್ಡ ಏಟು ಇನ್ನೇನಿದೆ? ಚರಿತ್ರೆ ಬರೆಯುವವರು ಲೆಕ್ಲೆರ್‌ನ ಹಣೆಯ ಬರೆಯ ಬಗ್ಗೆ ಪುಟ ತುಂಬಿಸುತ್ತಾರೆ, ಈ ನಾಲ್ಕು ಜನರ ನೇಮಕವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಮೋದ ಪ್ರಯೋಗ ಸತ್ತದ್ದು ಈ ನೇಮಕದಿಂದ ಅಂತ ನನ್ನ ಲೆಕ್ಕ.

ಕಾದು ಕೂತಿದ್ದ ಮೋದ ಫ್ರಾನ್ಸಿಸ್ಕನ್ನರು ಪಾರ್ಲೆಮಾಕ್ಕೆ ದೂರು ಕೊಟ್ಟರು. ಅಕ್ಟೋಬರ್‌ನಲ್ಲಿ ಬಿಷಪ್‌ನನ್ನೇ ವಿಚಾರಣೆಗೆ ಕರೆದರು. ಇಡೀ ನ್ಯಾಯಾಲಯದ ಮುಂದೆ ನನ್ನ ಮಾತು ಕೇಳಿ ಎಂದು ಆತ ಬೇಡಿಕೊಂಡ. ಒಪ್ಪಲಿಲ್ಲ. ಇಬ್ಬರು ಅಧಿಕಾರಿಗಳ ಮುಂದೆ, ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ಮುಗಿಯಿತು. ಲೆಫೆವ್ರ್ ಮತ್ತು ರೂಸೆಲ್ ಹೆಸರು ಮರೆಸಿಕೊಂಡು ಸ್ಟ್ರಾಸ್‌ಬರ್ಗ್‌ಗೆ ಓಡಿಹೋದರು. ನವೆಂಬರ್‌ನಲ್ಲಿ 52 ವಾರಗಳ ಓದಿನ ಪುಸ್ತಕದಿಂದ 48 ಮಾತುಗಳನ್ನು ಹೆಕ್ಕಿ ಸೊರ್ಬಾನ್ ಖಂಡಿಸಿತು. ಮ್ಯಾಡ್ರಿಡ್‌ನ ಸೆರೆಯಿಂದ ರಾಜ ನವೆಂಬರ್ 12ರಂದು ಪತ್ರ ಬರೆದ. ಈ ವಿದ್ವಾಂಸರನ್ನು ಮುಟ್ಟಬೇಡಿ, ನಾನು ಬರುವವರೆಗೆ ನಿಲ್ಲಿಸಿ ಅಂತ. ಸೆರೆಯಲ್ಲಿರುವ ರಾಜನ ಪತ್ರಕ್ಕೆ ಎಷ್ಟು ಬೆಲೆ? ಪಾರ್ಲೆಮಾ ಓದಿ ಬದಿಗಿಟ್ಟಿತು.

1526ರಲ್ಲಿ ಫ್ರಾನ್ಸಿಸ್ ಬಿಡುಗಡೆಯಾಗಿ ಬಂದ. ಲೆಫೆವ್ರ್‌ನನ್ನು ವಾಪಸ್ ಕರೆಸಿ ಬ್ಲ್ವಾ ಅರಮನೆಯಲ್ಲಿ ತನ್ನ ಮಕ್ಕಳಿಗೆ ಗುರುವಾಗಿ ನೇಮಿಸಿದ. ಇಡೀ ಬೈಬಲ್ ಅನುವಾದ ಮುಗಿಸಲು ಲೆಫೆವ್ರ್‌ಗೆ ಆಯುಷ್ಯ ಇತ್ತು. ಅದು 1530ರಲ್ಲಿ ಆಂಟ್‌ವರ್ಪ್‌ನಲ್ಲಿ ಅಚ್ಚಾಯಿತು, ಯಾಕೆಂದರೆ ಪ್ಯಾರಿಸ್‌ನಲ್ಲಿ ಇನ್ನು ಅಚ್ಚು ಹಾಕುವ ಹಾಗಿರಲಿಲ್ಲ. ಆದರೆ ಮೋದಲ್ಲಿ ಬಳಗ ಮತ್ತೆ ಕೂಡಲಿಲ್ಲ. ಬ್ರಿಸೊನೆ ತನ್ನ ಹುದ್ದೆಯಲ್ಲೇ ಇದ್ದ, ಸದ್ದಿಲ್ಲದ ಬಿಷಪ್ ಆಗಿ. 1534ರ ಜನವರಿ 24ರಂದು ತೀರಿಕೊಂಡ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಲಿಪೂಜೆಯನ್ನು ಹೀಗಳೆಯುವ ಭಿತ್ತಿಪತ್ರಗಳು ಪ್ಯಾರಿಸ್ ಮತ್ತಿತರ ಊರುಗಳಲ್ಲಿ ಒಂದೇ ರಾತ್ರಿ ಕಾಣಿಸಿಕೊಂಡವು. ರಾಜನ ಕೋಣೆಯ ಬಾಗಿಲಿಗೂ ಒಂದು ಅಂಟಿಸಿದ್ದರು. ಅಲ್ಲಿಗೆ ರಾಜನ ತಾಳ್ಮೆ ಮುಗಿಯಿತು.

ಯಾರು ಎಲ್ಲಿಗೆ

ಬಳಗದವರು ದಿಕ್ಕಿಗೊಬ್ಬರಾದರು. ಫಾರೆಲ್ ಸ್ವಿಟ್ಜರ್ಲೆಂಡಿಗೆ ಹೋಗಿ ಕಟ್ಟಾ ಪ್ರೊಟೆಸ್ಟೆಂಟ್ ಆದ. 1536ರಲ್ಲಿ ಜಿನೀವಾ ದಾರಿಯಲ್ಲಿ ಹೊರಟಿದ್ದ, ಮುಂದೆ ಪ್ರೊಟೆಸ್ಟೆಂಟರ ದೊಡ್ಡ ನಾಯಕನಾದ ಕ್ಯಾಲ್ವಿನ್‌ನನ್ನು ಗದರಿಸಿ ಅಲ್ಲೇ ಉಳಿಸಿಕೊಂಡವನು ಇವನೇ. ರೂಸೆಲ್ ಮತ್ತು ದಾರಾಂದ್ ಕ್ಯಾಥೊಲಿಕ್ ಬಿಷಪ್‌ಗಳಾದರು. ಮಜೂರಿಯೆ ತನ್ನ ಮಾತು ಹಿಂತೆಗೆದುಕೊಂಡ. ಕರೋಲಿ ಆ ಕಡೆಗೂ ಈ ಕಡೆಗೂ ಓಡಾಡಿದ. ಲೆಫೆವ್ರ್ ಮಾರ್ಗರೀತಳ ಆಶ್ರಯದಲ್ಲಿ ನೆರಾಕ್‌ನಲ್ಲಿ 1536ರಲ್ಲಿ ಸತ್ತ, ಕೊನೆಯವರೆಗೂ ಚರ್ಚ್ ಬಿಡದೆ. ಒಬ್ಬ ಬಿಷಪ್‌ನ ಮನೆಯಲ್ಲಿ ಒಟ್ಟಿಗೆ ಊಟ ಮಾಡಿದವರು ಹೀಗೆ ಹಂಚಿಹೋದದ್ದನ್ನು ನೋಡಿದರೆ, 1521ರಲ್ಲಿ ಯಾರ ಹಣೆಯ ಮೇಲೂ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಅಂತ ಬರೆದಿರಲಿಲ್ಲ ಅನ್ನುವುದು ಗೊತ್ತಾಗುತ್ತದೆ.

ಮೋದ ಉಣ್ಣೆಯ ಜನ ಓದುವುದನ್ನು ಬಿಡಲಿಲ್ಲ. 1546ರಲ್ಲಿ ಅವರು ಎತಿಯೆನ್ ಮಾಂಜಾಂ ಎಂಬವನ ಮನೆಯಲ್ಲಿ ಗುಟ್ಟಾಗಿ ತಮ್ಮದೇ ಚರ್ಚ್ ಕಟ್ಟಿಕೊಂಡಿದ್ದರು. ಅದಕ್ಕೆ ಬೋಧಕ ಪಿಯೆರ್ ಲೆಕ್ಲೆರ್, ಮೆಟ್ಸ್‌ನಲ್ಲಿ ಸುಟ್ಟುಹೋದ ಜಾನ್‌ನ ತಮ್ಮ. ಸುಮಾರು 60 ಜನ ಸಿಕ್ಕಿಬಿದ್ದರು. ಅಕ್ಟೋಬರ್‌ನಲ್ಲಿ 14 ಜನರನ್ನು ಊರಿನ ಸಂತೆಬೀದಿಯಲ್ಲಿ ಸುಟ್ಟರು.

ಅದೇ 1546ರ ಜೂನ್‌ನಲ್ಲಿ, ಆಲ್ಪ್ಸ್ ಪರ್ವತದ ಆಚೆ, ಟ್ರೆಂಟ್ ಊರಿನ ಮಹಾಸಭೆ ಒಂದು ಆಜ್ಞೆ ಹೊರಡಿಸಿತ್ತು. ಬಿಷಪ್‌ಗಳ ಮುಖ್ಯ ಕೆಲಸ ಪ್ರಬೋಧನೆ. ಧರ್ಮಗುರುಗಳು ಭಾನುವಾರ ಮತ್ತು ದೊಡ್ಡ ಹಬ್ಬಗಳಲ್ಲಿ ಜನರಿಗೆ ಬೋಧಿಸಲೇಬೇಕು. ಬಿಷಪ್‌ನ ಅಪ್ಪಣೆ ಇಲ್ಲದೆ ಸಂನ್ಯಾಸಿಗಳು ಹೊರಗಿನ ಚರ್ಚುಗಳಲ್ಲಿ ಬೋಧಿಸುವಂತಿಲ್ಲ. ಮೋದ ಫ್ರಾನ್ಸಿಸ್ಕನ್ನರ ಜೊತೆ ಬ್ರಿಸೊನೆ ಜಗಳವಾಡಿದ್ದು ಇದೇ ಮಾತಿಗೆ. 1563ರಲ್ಲಿ ಅದೇ ಮಹಾಸಭೆ ಬಿಷಪ್ ತನ್ನ ಧರ್ಮಪ್ರಾಂತ್ಯದಲ್ಲೇ ವಾಸವಿರಬೇಕು, ಪಾದ್ರಿಗಳ ತರಬೇತಿಗೆ ಗುರುಮಠ ತೆರೆಯಬೇಕು ಎಂದಿತು. ಜನರ ಭಾಷೆಯ ಬೈಬಲ್ ಬಗ್ಗೆ ಮಾತ್ರ ರೋಮ್ ಬಿಗಿಯಾಗಿಯೇ ಉಳಿಯಿತು.

ಫ್ರಾನ್ಸಿನ ರಾಜರು ಈ ಆಜ್ಞೆಗಳನ್ನು ದೇಶದ ಕಾನೂನಾಗಿ ಒಪ್ಪಲಿಲ್ಲ. ತಮ್ಮ ಅಧಿಕಾರಕ್ಕೆ ಕುತ್ತು ಬರುತ್ತದೆ ಅನ್ನುವ ಭಯ. ಕೊನೆಗೆ ಅಲ್ಲಿನ ಪಾದ್ರಿಗಳ ಮಹಾಸಭೆ ರಾಜನನ್ನು ಕಾಯುವುದು ಬಿಟ್ಟು ತಾನೇ ಅವನ್ನು ಸ್ವೀಕರಿಸಿತು. ಅದು 1615ರಲ್ಲಿ. ಬ್ರಿಸೊನೆ ಮೋಗೆ ನೇಮಕವಾಗಿ ಆಗ ಸರಿಯಾಗಿ ನೂರು ವರ್ಷ.